ರಾತ್ರಿಯ ಗುಳಿಗೆ

ಧಾರವಾಡದ ಕಡೆಯವರು ಗುಳಿಗಿ ಅನ್ನುವುದನ್ನು ಮೈಸೂರಿನ ಕಡೆಯವರು ಮಾತ್ರೆ ಅನ್ನುತ್ತಾರೆ. ಗುಳಿಗೆ ಎಂದರೆ ಗುಂಡಗಿನ ಸಣ್ಣ ಉಂಡೆ. ಮಾತ್ರೆ ಎಂದರೆ ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸುವುದೂ ಇದೇ ಪದದಿಂದ. ಮೂವತ್ತೈದು ವರ್ಷದಿಂದ ಪುಣೆಯಲ್ಲಿರುವ ಧಾರವಾಡ ಕಡೆಯ ಒಬ್ಬ ಹಿರಿಯರ ಮನೆಯಲ್ಲಿ ಇದು ಗುಳಿಗಿ. ಅವರು ನಿವೃತ್ತ ಬ್ಯಾಂಕ್ ನೌಕರರು. 61ನೇ ವಯಸ್ಸಿನಲ್ಲಿ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿಸಿಕೊಂಡವರು. ರಕ್ತ ತೆಳುವಾಗಿಸುವುದು ಒಂದು, ಬಿಪಿಯದು ಒಂದು, ಕೊಲೆಸ್ಟ್ರಾಲಿನದು ಒಂದು. ಮೂರನೆಯದು ಅಟೋರ್ವಾಸ್ಟಾಟಿನ್ 40 ಮಿಲಿಗ್ರಾಂ, ರಾತ್ರಿ ಊಟವಾದ ಮೇಲೆ. ಹೆಂಡತಿ ತಪ್ಪದೆ ಕೇಳುತ್ತಾರೆ: "ಗುಳಿಗಿ ತಗೊಂಡ್ರ್ಯಾ?" ಅವರು ಟಿವಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಹೂಂ."

ಸ್ಟೆಂಟ್ ಹಾಕಿ ಮೂರನೆಯ ವರ್ಷ ನಡೆಯುತ್ತಿದ್ದಾಗ ಆ "ಹೂಂ" ಐದು ತಿಂಗಳ ಕಾಲ ಸುಳ್ಳಾಗಿತ್ತು. ತಿಂಗಳ ಔಷಧಿ ತರಿಸಲು ಮಗಳು ಡಬ್ಬಿ ತೆರೆದಾಗ ಮೂರನೆಯ ಗುಳಿಗೆಯ ಸ್ಟ್ರಿಪ್ಪುಗಳು ಮುಟ್ಟದೆ ಹಾಗೇ ಇದ್ದವು.

"ಅಪ್ಪಾ, ಇವು ಯಾಕ ಹಂಗ ಉಳದಾವ?"

"ಕಾಲು ಹಿಡಕೊಂಡ ಬಿಡ್ತಿದ್ವು. ಅದನ್ನ ಬಿಟ್ಟ ಮ್ಯಾಲ ಸ್ವಲ್ಪ ಹಗುರ ಆಗೇದ."

"ಮತ್ತ ಡಾಕ್ಟರಿಗೆ ಹೇಳಬೇಕೋ ಬ್ಯಾಡೋ?"

"ಹೇಳೀನಲ್ಲ. ಪಾಯ್ ದುಖತಾತ್ ಅಂದೆ. ವಯಸ್ಸಾತು, ಮೊಳಕಾಲು ಸವದಾವ ಅಂದ್ರು."

ಅವರು ಹೇಳಿದ್ದು ನಿಜ. ವೈದ್ಯರು ಕೇಳಿಸಿಕೊಂಡದ್ದೂ ನಿಜ. ಕನ್ನಡದ "ಕಾಲು"ವಿನ ಹಾಗೆಯೇ ಮರಾಠಿಯ "ಪಾಯ್" ಕೂಡ ತೊಡೆಯಿಂದ ಪಾದದವರೆಗೆ ಏನು ಬೇಕಾದರೂ ಆಗುತ್ತದೆ. ಹಿರಿಯರಿಗೆ ನೋಯುತ್ತಿದ್ದದ್ದು ಮೀನಖಂಡ, ಎರಡೂ ಕಾಲಿನದು, ಒಂದೇ ಸಮನಾಗಿ. ಅದಕ್ಕೆ ಮರಾಠಿಯಲ್ಲಿ "ಪೋಟರಿ" ಅನ್ನುತ್ತಾರೆ, ಹಿಂದಿಯಲ್ಲಿ "ಪಿಂಡಲಿ". ಮೂವತ್ತೈದು ವರ್ಷ ಮರಾಠಿಯಲ್ಲಿ ಬ್ಯಾಂಕಿನ ಕೌಂಟರ್ ನಡೆಸಿದವರಿಗೆ ಆ ಒಂದು ಪದದ ಅಗತ್ಯ ಅದುವರೆಗೆ ಬಿದ್ದಿರಲಿಲ್ಲ. "ಹಿಡಕೊಂಡಾವ" ಎಂಬುದಕ್ಕಂತೂ ಅವರ ಬಳಿ ಮರಾಠಿ ಇರಲಿಲ್ಲ. ಹಿಡಿದುಕೊಳ್ಳುವುದು ನೋವಲ್ಲ, ಸೆಳೆತವಲ್ಲ, ಜೋಮಲ್ಲ. ಸ್ನಾಯು ತನ್ನಷ್ಟಕ್ಕೆ ಬಿಗಿದು ಸಡಿಲವಾಗದೆ ನಿಲ್ಲುವುದು. ಇಷ್ಟು ವಿವರ ದಾಟಿದ್ದರೆ ವೈದ್ಯರಿಗೆ ಸ್ಟಾಟಿನ್ ನೆನಪಾಗುತ್ತಿತ್ತು. ದಾಟಿದ್ದು "ಪಾಯ್ ದುಖತಾತ್" ಮಾತ್ರ. ಅರವತ್ತು ದಾಟಿದವರು ಹಾಗಂದರೆ ಯಾರಿಗಾದರೂ ಮೊದಲು ತೋರುವುದು ಮೊಣಕಾಲು.

ಪರವೂರಿನಲ್ಲಿ ನೆಲೆಸಿದ ಕನ್ನಡದವರ ಮೈನೋವು ಹೀಗೆ ದಾರಿಯಲ್ಲಿ ಒಂದಿಷ್ಟು ಕಳೆದುಕೊಂಡೇ ಆಸ್ಪತ್ರೆ ಮುಟ್ಟುತ್ತದೆ. ಜ್ವರ, ವಾಂತಿ, ಎದೆನೋವು ಯಾವ ಭಾಷೆಯಲ್ಲಾದರೂ ಮುಟ್ಟುತ್ತವೆ. ಸ್ಟಾಟಿನ್ ಸಲುವಾಗಿ ಹೇಳಬೇಕಾದ ಸಂಗತಿಗಳು ಅಷ್ಟು ದೊಡ್ಡ ದನಿಯವಲ್ಲ.

ಈ ಔಷಧಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಕಾಯಿಲೆ ಬರುತ್ತದೆ, ಇರುತ್ತದೆ, ಹೋಗುತ್ತದೆ. ಬಂದದ್ದು ಮೈಗೆ ತಿಳಿಯುತ್ತದೆ, ಹೋದದ್ದೂ ತಿಳಿಯುತ್ತದೆ. ಔಷಧಿ ಆ ನಡುವಿನ ದಿನಗಳಿಗೆ. ಕೊಲೆಸ್ಟ್ರಾಲ್ ಎಂಬ ಪದದ ಹುಟ್ಟೇ ಪಿತ್ತದಲ್ಲಿದೆ: ಗ್ರೀಕಿನಲ್ಲಿ ಖೋಲೆ ಎಂದರೆ ಪಿತ್ತ, ಸ್ಟೆರಿಯೋಸ್ ಎಂದರೆ ಗಟ್ಟಿ. ಪಿತ್ತಕೋಶದ ಕಲ್ಲುಗಳಲ್ಲಿ ಮೊದಲು ಸಿಕ್ಕ ವಸ್ತುವಾದ್ದರಿಂದ ಆ ಹೆಸರು. ಆದರೆ ಪಿತ್ತ ಕೆರಳಿದರೆ ಗೊತ್ತಾಗುತ್ತದೆ: ಬಾಯಿ ಕಹಿಯಾಗುತ್ತದೆ, ತಲೆ ಸುತ್ತುತ್ತದೆ. ಕೊಲೆಸ್ಟ್ರಾಲ್ 250 ಆದರೂ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಗುಳಿಗೆ ತೆಗೆದುಕೊಂಡು 150ಕ್ಕೆ ಇಳಿದರೂ ಯಾವ ಹಗುರವೂ ಆಗುವುದಿಲ್ಲ. ಇಂಥ ಗುಳಿಗೆಯಿಂದ ಕಾಲು ಹಿಡಿದುಕೊಂಡರೆ, ಲಾಭ ಕಾಣದ, ನಷ್ಟ ಮಾತ್ರ ಕಾಣುವ ವ್ಯವಹಾರ ಅದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಅಂಥ ಖಾತೆ ಮುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಕಾಣದ ಲಾಭ ಎಂಥದು ಎಂಬುದಕ್ಕೆ ಸ್ಟಾಟಿನ್‌ನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಜಪಾನಿನ ಸ್ಯಾಂಕ್ಯೊ ಎಂಬ ಔಷಧಿ ಕಂಪನಿಯ ಅಕಿರಾ ಎಂಡೊ 1971ರಲ್ಲಿ ಶಿಲೀಂಧ್ರಗಳನ್ನು ಒಂದೊಂದಾಗಿ ಶೋಧಿಸಲು ಕೂತರು. ದೇಹದ ಹೆಚ್ಚಿನ ಕೊಲೆಸ್ಟ್ರಾಲ್ ಊಟದಿಂದ ಬರುವುದಲ್ಲ, ದೇಹವೇ ತಯಾರಿಸುವುದು. ಆ ತಯಾರಿಕೆಯ ನಡುವಿನ ಒಂದು ಕಿಣ್ವವನ್ನು ತಡೆದರೆ ಉತ್ಪಾದನೆ ಇಳಿಯಬೇಕು. ಬೇರೆ ಸೂಕ್ಷ್ಮಜೀವಿಗಳ ಜೊತೆ ಹೋರಾಡುವ ಯಾವುದಾದರೂ ಶಿಲೀಂಧ್ರ ಅಂಥ ಅಸ್ತ್ರವನ್ನು ತಯಾರಿಸಿಕೊಂಡಿರಬಹುದು ಎಂಬುದು ಅವರ ಊಹೆ. ಸುಮಾರು 6000 ಬಗೆಗಳನ್ನು ಪರೀಕ್ಷಿಸಿದ ಮೇಲೆ, 1973ರಲ್ಲಿ, ಕ್ಯೋಟೊದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ನೀಲಿಹಸಿರು ಬೂಷ್ಟಿನಲ್ಲಿ ಅದು ಸಿಕ್ಕಿತು. ಇಲಿಗಳಿಗೆ ಕೊಟ್ಟರೆ ಏನೂ ಆಗಲಿಲ್ಲ. ಕೆಲಸ ಅಲ್ಲಿಗೇ ನಿಲ್ಲಬಹುದಿತ್ತು. ಸಹೋದ್ಯೋಗಿಯೊಬ್ಬರ ಬಳಿ ಮೊಟ್ಟೆಯಿಡುವ ಕೋಳಿಗಳಿದ್ದವು. ಅವಕ್ಕೆ ಕೊಟ್ಟಾಗ ಕೊಲೆಸ್ಟ್ರಾಲ್ ಇಳಿಯಿತು. ಎಂಡೊ ಅವರ ಆ ವಸ್ತು ಕೊನೆಗೂ ಔಷಧಿಯಾಗಿ ಮಾರುಕಟ್ಟೆಗೆ ಬರಲಿಲ್ಲ. ಅದರ ಹತ್ತಿರದ ಸಂಬಂಧಿಯಾದ ಲೊವಾಸ್ಟಾಟಿನ್‌ಗೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ಸಿಕ್ಕಿತು. ಎಂಡೊ 2024ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಿತ್ತಜನಕಾಂಗದಲ್ಲಿ ತಯಾರಿಕೆ ಕಡಿಮೆಯಾದರೆ ಅದು ತನಗೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಇಳಿಯುವುದು ಹಾಗೆ. ಇಳಿದರೆ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ 1994ರ ಒಂದು ದೊಡ್ಡ ಪ್ರಯೋಗ ಉತ್ತರ ಕೊಟ್ಟಿತು. ಸ್ಕ್ಯಾಂಡಿನೇವಿಯಾದ ದೇಶಗಳ 4444 ಹೃದ್ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಸಿಮ್ವಾಸ್ಟಾಟಿನ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ. ಸುಮಾರು ಐದೂವರೆ ವರ್ಷದಲ್ಲಿ ಹುಸಿ ಗುಳಿಗೆಯವರಲ್ಲಿ 256 ಜನ ತೀರಿಕೊಂಡರು, ಸ್ಟಾಟಿನ್‌ನವರಲ್ಲಿ 182. ನಡುವಿನ 74 ಜನರಲ್ಲಿ ಯಾರಿಗೂ ತಾವು ಉಳಿದದ್ದು ಈ ಗುಳಿಗೆಯಿಂದ ಎಂದು ಗೊತ್ತಾಗುವ ದಾರಿಯಿಲ್ಲ. ಆಗದೆ ಹೋದ ಹೃದಯಾಘಾತಕ್ಕೆ ದಿನಾಂಕವಿಲ್ಲ.

ಪುಣೆಯ ಹಿರಿಯರು ಬಿಡಲು ಇನ್ನೊಂದು ಕಾರಣವೂ ಇತ್ತು. ಹಿಂದಿನ ವರ್ಷದ ರಿಪೋರ್ಟಿನಲ್ಲಿ ಎಲ್‌ಡಿಎಲ್ 64 ಇತ್ತು. "ನಾರ್ಮಲ್ ಬಂದೇದ, ಇನ್ಯಾಕ?" ಎಂಬುದು ಅವರ ವಾದ. 64 ಬಂದದ್ದು ಗುಳಿಗೆಯಿಂದ; ಬಿಟ್ಟ ಐದು ತಿಂಗಳಿಗೆ ಅದು 142 ಆಗಿತ್ತು. ರಿಪೋರ್ಟಿನ ಅಂಚಿನಲ್ಲಿ ಅಚ್ಚಾಗಿರುವ "ನಾರ್ಮಲ್" ಅಂಕಿಯೂ ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ಅಲ್ಲಿ 100ಕ್ಕಿಂತ ಕಡಿಮೆ ಎಂದಿರುತ್ತದೆ. ಅದು ಎಲ್ಲರಿಗೂ ಸೇರಿ ಹಾಕಿದ ಅಂಕಿ. ಒಮ್ಮೆ ಹೃದಯಾಘಾತವಾದವರಿಗೆ 70ಕ್ಕಿಂತ ಕೆಳಗೆ, ಕೆಲವು ಮಾರ್ಗಸೂಚಿಗಳ ಪ್ರಕಾರ 55ಕ್ಕಿಂತ ಕೆಳಗೆ ಇರಬೇಕು. 96 ಬಂದರೆ ಲ್ಯಾಬಿನ ಕಾಗದ ಸುಮ್ಮನಿರುತ್ತದೆ, ವೈದ್ಯರು ಸುಮ್ಮನಿರುವಂತಿಲ್ಲ.

ಕಾಲು ಹಿಡಿದದ್ದು ಮಾತ್ರ ಸುಳ್ಳಲ್ಲವಲ್ಲ. ಸ್ಟಾಟಿನ್ ಕುರಿತ ಹೆಚ್ಚಿನ ವಾದಗಳು ಬಂದು ನಿಲ್ಲುವುದು ಇಲ್ಲೇ. ಒಂದು ಕಡೆ "ಈ ಗುಳಿಗೆ ಸ್ನಾಯು ತಿನ್ನುತ್ತದೆ" ಎಂಬ ವಾಟ್ಸಾಪ್ ಸಂದೇಶಗಳು. ಇನ್ನೊಂದು ಕಡೆ "ಅದೆಲ್ಲ ಮನಸ್ಸಿನದು" ಎಂದು ತಳ್ಳಿಹಾಕುವ ಮಾತು. ಎರಡೂ ಅರ್ಧಂಬರ್ಧ.

ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನೇ ಆರಿಸಿಕೊಂಡರು. ಒಂದು ವರ್ಷದಲ್ಲಿ ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಹುಸಿ ಗುಳಿಗೆ, ನಾಲ್ಕು ತಿಂಗಳು ಏನೂ ಇಲ್ಲ; ಯಾವ ತಿಂಗಳು ಯಾವ ಗುಳಿಗೆ ಎಂದು ತೆಗೆದುಕೊಳ್ಳುವವರಿಗೆ ಗೊತ್ತಿಲ್ಲ. ದಿನವೂ ತಮ್ಮ ತೊಂದರೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಏನೂ ತೆಗೆದುಕೊಳ್ಳದ ತಿಂಗಳಲ್ಲಿ ಸರಾಸರಿ 8, ಹುಸಿ ಗುಳಿಗೆಯಲ್ಲಿ 15.4, ಸ್ಟಾಟಿನ್‌ನಲ್ಲಿ 16.3. ಗುಳಿಗೆ ನುಂಗಿದಾಗ ತೊಂದರೆ ಹೆಚ್ಚಿದ್ದು ನಿಜ. ಆದರೆ ಹೆಚ್ಚಿದ್ದರಲ್ಲಿ ಬಹುಪಾಲು ಔಷಧಿಯಿಲ್ಲದ ಗುಳಿಗೆಯಿಂದಲೂ ಬಂತು. ನೋವು ಸುಳ್ಳೆಂದು ಇದರ ಅರ್ಥವಲ್ಲ. ನೋವು ನಿಜ, ಕಾರಣ ಬೇರೆ. ತೊಂದರೆ ಬರುತ್ತದೆ ಎಂದು ಕೇಳಿಕೊಂಡು ನುಂಗಿದ ಗುಳಿಗೆಯ ಜೊತೆ ಆ ಕೇಳಿಕೆಯೂ ಒಳಗೆ ಹೋಗುತ್ತದೆ. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಆ 60 ಜನರಲ್ಲಿ ಅರ್ಧದಷ್ಟು ಮಂದಿ ಮತ್ತೆ ಸ್ಟಾಟಿನ್ ಶುರುಮಾಡಿದರು.

ಅದರ ಜೊತೆಗೇ, ಸ್ಟಾಟಿನ್‌ನಿಂದಲೇ ಸ್ನಾಯುವಿಗೆ ಪೆಟ್ಟಾಗುವುದೂ ಉಂಟು. ಸೆರಿವಾಸ್ಟಾಟಿನ್ ಎಂಬುದನ್ನು 2001ರಲ್ಲಿ ಮಾರುಕಟ್ಟೆಯಿಂದಲೇ ಹಿಂತೆಗೆದುಕೊಳ್ಳಬೇಕಾಯಿತು. ಅದರಿಂದ ಸ್ನಾಯು ಕರಗಿ, ಆ ಕಸ ಮೂತ್ರಪಿಂಡಕ್ಕೆ ತುಂಬಿ ಜನ ಸತ್ತಿದ್ದರು. ಜೆಮ್‌ಫೈಬ್ರೋಜಿಲ್ ಎಂಬ ಇನ್ನೊಂದು ಕೊಬ್ಬಿನ ಔಷಧಿಯನ್ನು ಜೊತೆಗೆ ತೆಗೆದುಕೊಂಡವರಿಗೆ ಅಪಾಯ ಹೆಚ್ಚಿತ್ತು. ಈಗ ಬಳಕೆಯಲ್ಲಿರುವ ಸ್ಟಾಟಿನ್‌ಗಳಲ್ಲಿ ಹಾಗಾಗುವುದು ತೀರ ಅಪರೂಪ. ಅಪರೂಪವಾದರೂ ಗುರುತು ತಿಳಿದಿರಬೇಕು: ತಡೆಯಲಾರದ ಸ್ನಾಯುನೋವು, ಮೆಟ್ಟಿಲು ಹತ್ತಲಾಗದ, ಕೂತಲ್ಲಿಂದ ಏಳಲಾಗದ ನಿಶ್ಶಕ್ತಿ, ಕಡು ಚಹಾದ ಬಣ್ಣದ ಮೂತ್ರ. ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು. ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಕಣ್ಣು ಹಳದಿಯಾದರೂ ಹಾಗೆಯೇ.

ಪುಣೆಯಲ್ಲಿ ಮಗಳು ಮಾಡಿದ ಕೆಲಸ ಸಣ್ಣದು. ಅಪ್ಪನನ್ನು ಕೂಡಿಸಿಕೊಂಡು ಕನ್ನಡದಲ್ಲೇ ಕೇಳಿ ಬರೆದುಕೊಂಡಳು: ಎಲ್ಲಿ, ಎರಡೂ ಕಡೆಯೋ ಒಂದೇ ಕಡೆಯೋ, ಯಾವಾಗಿನಿಂದ, ಬೆಳಿಗ್ಗೆಯೋ ರಾತ್ರಿಯೋ, ಗುಳಿಗೆ ಬಿಟ್ಟು ಎಷ್ಟು ದಿನಕ್ಕೆ ಹಗುರವಾಯಿತು, ಪೂರ್ತಿ ಹೋಯಿತೋ ಇಲ್ಲವೋ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಅರ್ಧ ಪುಟ ಮಾಡಿದಳು. "ಪೂರ್ತಿ ಹೋಯಿತೋ" ಎಂಬ ಪ್ರಶ್ನೆಗೆ ಅಪ್ಪ ಸ್ವಲ್ಪ ಯೋಚಿಸಿ "ಪೂರ್ತಿ ಇಲ್ಲ" ಅಂದಿದ್ದರು. ಜೊತೆಗೆ ಚಳಿ ತಡೆಯುತ್ತಿಲ್ಲ, ಮಲಬದ್ಧತೆ, ಸಂಜೆಗೆ ಸುಸ್ತು. ಇದ್ಯಾವುದೂ ಕಾಲಿಗೆ ಸಂಬಂಧಿಸಿದ್ದಲ್ಲವೆಂದು ಅವರು ಹಿಂದೆ ಹೇಳಿರಲೇ ಇಲ್ಲ.

ಆ ಕಾಗದ ಓದಿದ ವೈದ್ಯರು ಎರಡು ರಕ್ತಪರೀಕ್ಷೆ ಬರೆದುಕೊಟ್ಟರು. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಸಿಕೆ ಸ್ವಲ್ಪ ಹೆಚ್ಚಿತ್ತು. ಥೈರಾಯ್ಡಿನ ಟಿಎಸ್‌ಎಚ್ ಬಹಳ ಹೆಚ್ಚಿತ್ತು, ಅಂದರೆ ಥೈರಾಯ್ಡ್ ಗ್ರಂಥಿ ನಿಧಾನವಾಗಿತ್ತು. ಥೈರಾಯ್ಡ್ ಕುಂದಿದರೆ ಕೊಲೆಸ್ಟ್ರಾಲ್ ತಾನಾಗಿಯೇ ಏರುತ್ತದೆ, ಸ್ನಾಯುಗಳೂ ಬಿಗಿಯುತ್ತವೆ. ಅದರ ಮೇಲೆ ಸ್ಟಾಟಿನ್ ಬಿದ್ದರೆ ಸ್ನಾಯುತೊಂದರೆಯ ಸಾಧ್ಯತೆ ಹೆಚ್ಚು. ವೈದ್ಯರು ಮೊದಲು ಥೈರಾಯ್ಡಿಗೆ ಔಷಧಿ ಕೊಟ್ಟರು. ಅಲ್ಲಿಯವರೆಗೆ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆ ತಡೆಯುವ, ಸ್ಟಾಟಿನ್ ಅಲ್ಲದ ಎಜೆಟಿಮೈಬ್. ಥೈರಾಯ್ಡ್ ಹಿಡಿತಕ್ಕೆ ಬಂದ ಮೇಲೆ ಬೇರೆ ಸ್ಟಾಟಿನ್, ರೋಸುವಾಸ್ಟಾಟಿನ್, 5 ಮಿಲಿಗ್ರಾಂನಿಂದ.

ಅಷ್ಟು ಕಡಿಮೆಯಿಂದ ಆರಂಭಿಸಿದ್ದಕ್ಕೂ ಕಾರಣವಿತ್ತು. ಏಷ್ಯಾ ಮೂಲದವರ ರಕ್ತದಲ್ಲಿ ರೋಸುವಾಸ್ಟಾಟಿನ್ ಮಟ್ಟ ಯುರೋಪಿನವರಿಗಿಂತ ಸುಮಾರು ಎರಡು ಪಟ್ಟು ಏರುತ್ತದೆಂದು ಕಂಡುಬಂದು, ಏಷ್ಯಾದವರಿಗೆ 5 ಮಿಲಿಗ್ರಾಂನಿಂದ ಶುರುಮಾಡಬೇಕೆಂದು ಅಮೆರಿಕದ ಔಷಧಿ ನಿಯಂತ್ರಕರು ಸೂಚಿಸಿದ್ದಾರೆ. ಇನ್ನೊಂದು ಲೆಕ್ಕವೂ ಇದೆ. ಸ್ಟಾಟಿನ್ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಇಳಿಯುವುದು ಹೆಚ್ಚುವರಿಯಾಗಿ ಸುಮಾರು 6 ಶೇಕಡಾ ಮಾತ್ರ. ಕೆಲಸದ ಹೆಚ್ಚಿನ ಪಾಲನ್ನು ಮೊದಲ ಸಣ್ಣ ಪ್ರಮಾಣವೇ ಮಾಡಿರುತ್ತದೆ. ಹೆಚ್ಚು ತಾಳಿಕೊಳ್ಳಲಾಗದವರಿಗೆ ಕಡಿಮೆ ಸ್ಟಾಟಿನ್ ಜೊತೆ ಎಜೆಟಿಮೈಬ್ ಸೇರಿಸುವುದು ಈ ಲೆಕ್ಕದ ಮೇಲೆಯೇ. ಮೂರು ತಿಂಗಳ ನಂತರ ಹಿರಿಯರ ಎಲ್‌ಡಿಎಲ್ 61. ಮೀನಖಂಡ ಸುಮ್ಮನಿದೆ, ದೂರ ನಡೆದ ದಿನ ಒಂದಿಷ್ಟು ನೋಯುತ್ತದೆ, ಅದು ಅವರ ಪ್ರಾಯದ ಎಲ್ಲರಿಗೂ ಇರುವಷ್ಟು.

ಇನ್ನೊಂದು ಬಗೆಯ ತೊಂದರೆ ಪದದ್ದಲ್ಲ, ಪ್ರಯಾಣದ್ದು. ಹಾಸನ ಕಡೆಯ ಒಬ್ಬ ತಾಯಿ ಆರು ತಿಂಗಳು ಹೈದರಾಬಾದಿನ ಮಗನ ಮನೆಯಲ್ಲಿ, ಆರು ತಿಂಗಳು ದೆಹಲಿಯ ಮಗಳ ಮನೆಯಲ್ಲಿ ಇರುತ್ತಾರೆ. ಹೈದರಾಬಾದಿನ ವೈದ್ಯರು ಅಟೋರ್ವಾಸ್ಟಾಟಿನ್ ಬರೆದಿದ್ದರು. ದೆಹಲಿಯಲ್ಲಿ ಇನ್ನೊಬ್ಬ ವೈದ್ಯರು ಅದನ್ನೇ ಬೇರೆ ಕಂಪನಿಯ ಹೆಸರಿನಲ್ಲಿ, ಆಸ್ಪಿರಿನ್ ಜೊತೆ ಸೇರಿದ ಕ್ಯಾಪ್ಸೂಲಾಗಿ ಬರೆದರು. ಹಳೆಯದನ್ನು ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಹಳೆಯದು ಇದೆಯೆಂದು ಅಮ್ಮನೂ ಹೇಳಲಿಲ್ಲ. ಬಣ್ಣ ಬೇರೆ, ಹೆಸರು ಬೇರೆ. "ಬೆಳಿಗ್ಗೆ ಬಿಳೀದು, ರಾತ್ರಿ ಕ್ಯಾಪ್ಸೂಲು" ಎಂದು ಅವರು ಎರಡೂ ಮಾತ್ರೆಯನ್ನು ಶಿಸ್ತಾಗಿ ನುಂಗಿದರು. ಭಾರತದಲ್ಲಿ ಒಂದೇ ಔಷಧಿಗೆ ಹತ್ತಾರು ಹೆಸರುಗಳಿರುವಾಗ ಇದು ತೀರ ಸುಲಭವಾಗಿ ಆಗುವಂಥದು. ರಜೆಗೆ ಬಂದ ಸೊಸೆ ಎರಡೂ ಸ್ಟ್ರಿಪ್ಪುಗಳ ಹಿಂಬದಿ ಪಕ್ಕಪಕ್ಕ ಇಟ್ಟು ಓದಿದಾಗ ಅಟೋರ್ವಾಸ್ಟಾಟಿನ್ ಎಂಬ ಪದ ಎರಡರಲ್ಲೂ ಇತ್ತು. ನೋಡಬೇಕಾದ್ದು ದಪ್ಪಕ್ಷರದ ಕಂಪನಿ ಹೆಸರಲ್ಲ, ಔಷಧಿಯ ಮೂಲ ಹೆಸರು. "ಸ್ಟಾಟಿನ್" ಎಂದು ಮುಗಿಯುವ ಪದ ಡಬ್ಬಿಯಲ್ಲಿ ಎರಡು ಕಡೆ ಕಂಡರೆ ವೈದ್ಯರಿಗೆ ತೋರಿಸಬೇಕು. ಆದರೆ ಹೊಟ್ಟೆ, ಬಾಯಿಯ ಶಿಲೀಂಧ್ರಕ್ಕೆ ಕೊಡುವ ನಿಸ್ಟಾಟಿನ್ ಮಾತ್ರ ಈ ಕುಲದ್ದಲ್ಲ.

ವೈದ್ಯರಿಗೆ ತಾವಾಗಿಯೇ ಹೇಳಬೇಕಾದ ಸಂಗತಿಗಳು ಇನ್ನೂ ಕೆಲವಿವೆ. ಥೈರಾಯ್ಡ್, ಪಿತ್ತಜನಕಾಂಗ, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ತಿಳಿಸಬೇಕು. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆಯಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಕೂಡ. ಕೆಮ್ಮು, ಕಫಕ್ಕೆಂದು ಬೇರೆ ವೈದ್ಯರು ಕ್ಲಾರಿಥ್ರೊಮೈಸಿನ್ ಬರೆದರೆ ಅಥವಾ ಚರ್ಮದ ಹುಳುಕಡ್ಡಿಗೆ ಇಟ್ರಕೊನಜೋಲ್ ಗುಳಿಗೆ ಕೊಟ್ಟರೆ "ನಾನು ಸ್ಟಾಟಿನ್ ತಗೊಳ್ತೀನಿ" ಎನ್ನಬೇಕು. ಅವು ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್‌ಗಳು ದೇಹದಿಂದ ಹೊರಹೋಗುವ ದಾರಿಗೆ ಅಡ್ಡ ನಿಲ್ಲುತ್ತವೆ; ರಕ್ತದಲ್ಲಿ ಸ್ಟಾಟಿನ್ ಏರುತ್ತದೆ. ಎಷ್ಟೋ ಸಲ ಆ ಕೆಲವು ದಿನ ಸ್ಟಾಟಿನ್ ನಿಲ್ಲಿಸಿದರೆ ಸಾಕಾಗುತ್ತದೆ, ಅದನ್ನು ವೈದ್ಯರು ಹೇಳಬೇಕು.

ವಿದೇಶಿ ಪುಸ್ತಕಗಳಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ. ಅದು ದ್ರಾಕ್ಷಿಯಲ್ಲ. ಚಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ ಹಣ್ಣು. ದೇವನಹಳ್ಳಿ ಚಕೋತ ಬುಟ್ಟಿಗಟ್ಟಲೆ ಊರಿಂದ ಬರುವ ಮನೆಯವರು, ಚಕೋತದಲ್ಲೂ ಆ ಬಗೆಯ ರಾಸಾಯನಿಕಗಳಿರುವುದರಿಂದ, ತಮ್ಮ ಸ್ಟಾಟಿನ್ ಯಾವುದು, ಎಷ್ಟು ತಿನ್ನಬಹುದು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. "ನೈಸರ್ಗಿಕ" ಎಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯ ಗುಳಿಗೆಯಲ್ಲಿರುವುದು ಲೊವಾಸ್ಟಾಟಿನ್ನೇ, ಆದರೆ ಎಷ್ಟಿದೆಯೆಂದು ಅಳೆದಿರುವುದಿಲ್ಲ. ವೈದ್ಯರು ಕೊಟ್ಟದ್ದರ ಮೇಲೆ ಅದನ್ನೂ ನುಂಗಿದರೆ ಎರಡು ಸ್ಟಾಟಿನ್ ಆಯಿತು.

ಹೊತ್ತಿನ ವಿಚಾರಕ್ಕೆ ಇಷ್ಟು ಗಾಬರಿ ಬೇಡ. ಸಿಮ್ವಾಸ್ಟಾಟಿನ್ ರಾತ್ರಿಯೇ ಒಳ್ಳೆಯದು, ಏಕೆಂದರೆ ಅದು ಬೇಗ ಕರಗಿಹೋಗುತ್ತದೆ ಮತ್ತು ಕೊಲೆಸ್ಟ್ರಾಲ್ ತಯಾರಿಕೆ ರಾತ್ರಿ ಹೆಚ್ಚು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಯಾವ ಹೊತ್ತಿಗಾದರೂ ಆಗುತ್ತದೆ. ಮರೆಯದ ಹೊತ್ತೇ ಸರಿಯಾದ ಹೊತ್ತು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಸಕ್ಕರೆ ಸ್ವಲ್ಪ ಏರಬಹುದು; ಮಧುಮೇಹದ ಅಂಚಿನಲ್ಲಿದ್ದ ಕೆಲವರು ಅಂಚು ದಾಟಬಹುದು. ಹೃದಯಾಘಾತವಾದವರಿಗೆ ಸ್ಟಾಟಿನ್‌ನಿಂದ ಆಗುವ ಲಾಭ ಅದಕ್ಕಿಂತ ಬಹಳ ದೊಡ್ಡದು, ಆದರೂ ಸಕ್ಕರೆ ನೋಡಿಸಿಕೊಳ್ಳುತ್ತಿರಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ನಂತರ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಬಂದವರ ಸಾಲು ಬೆಳೆಯಿತು. ಪರವೂರಿನ ಕನ್ನಡದವರೂ ತಮ್ಮ ತಮ್ಮ ಊರಿನ ಲ್ಯಾಬುಗಳಿಗೆ ಹೋದರು. ನಲವತ್ತರ ಆಸುಪಾಸಿನ ಎಷ್ಟೋ ಜನರ ಕೈಗೆ ಮೊದಲ ಸಲ ಎಲ್‌ಡಿಎಲ್ ಎಂಬ ಅಂಕಿ ಬಂತು. ಹೆದರಿಕೆಗೆ ಆಧಾರವಿದೆ: 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53, ಉಳಿದವರದು ಸುಮಾರು 59. ಆದರೆ ಹೃದಯಾಘಾತ ಆಗದೇ ಇರುವವರಿಗೆ ಅಂಕಿಯೊಂದೇ ತೀರ್ಪಲ್ಲ. ಬಿಪಿ, ಸಕ್ಕರೆ, ಸಿಗರೇಟು, ತಂದೆತಾಯಿಯ ಚರಿತ್ರೆ ಎಲ್ಲವನ್ನೂ ಕೂಡಿಸಿ, ಗುಳಿಗೆ ಈಗಲೇ ಬೇಕೋ, ಊಟ ನಡಿಗೆಗಳಲ್ಲಿ ಆರು ತಿಂಗಳು ನೋಡಬಹುದೋ ಎಂದು ಕೇಳುವ ಹಕ್ಕು ಅವರಿಗಿದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆ ಆಯ್ಕೆ ಅಷ್ಟು ಸಡಿಲವಿಲ್ಲ. ಅವರು ಬಿಡಬೇಕೆನ್ನಿಸಿದರೆ ಬಿಡುವ ಮೊದಲು ಹೇಳಬೇಕು.

ಹೇಳುವಂತಾಗಬೇಕಾದರೆ ಮನೆಯ ಪ್ರಶ್ನೆ ಬದಲಾಗಬೇಕಾಗುತ್ತದೆ. "ತಗೊಂಡ್ರ್ಯಾ?" ಎಂಬುದಕ್ಕೆ "ಹೂಂ" ಸಾಕು. "ತಗೊಂಡ್ರ ಏನನಸ್ತದ?" ಎಂದರೆ ಒಂದು ವಾಕ್ಯವಾದರೂ ಬರುತ್ತದೆ. ಆ ವಾಕ್ಯವನ್ನು ಬಂದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಬೇಕು, ಅನುವಾದ ಆಮೇಲೆ. ಪುಣೆಯ ಹಿರಿಯರ ಪರ್ಸಿನಲ್ಲಿ ಈಗ ಮಡಿಸಿದ ಒಂದು ಕಾಗದವಿದೆ. ಒಂದು ಬದಿಯಲ್ಲಿ ಎಲ್ಲ ಔಷಧಿಗಳ ಮೂಲ ಹೆಸರು, ಪ್ರಮಾಣ, ಹೊತ್ತು. ಇನ್ನೊಂದು ಬದಿಯಲ್ಲಿ ಮಗಳು ಕನ್ನಡ ಅಕ್ಷರದಲ್ಲೇ ಬರೆದುಕೊಟ್ಟ ಒಂದು ಸಾಲು: "ಮೀನಖಂಡ ಅಂದರ ಪೋಟರಿ."